ಯಾರ ಮಗ, ಯಾವ ಊರು

ಬೇಕರಿಯ ಗಾಜಿನ ಕಪಾಟಿನ ಎದುರು ನಿಂತ ಇಸಿದೋರನಿಗೆ ಪಫ್ಸ್ ಆರು ತರಬೇಕೋ ಎಂಟೋ ಎಂಬುದು ಮರೆತುಹೋಗಿತ್ತು. ಹೆಂಡತಿ ವಿನಿಫ್ರೆಡ್ ಹೇಳಿದ್ದಳು, ಅವನು ಹೂಂ ಅಂದಿದ್ದ. ಎರಡು ವರ್ಷಗಳಿಂದ ಅವನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದ. ಐವತ್ತೊಂಬತ್ತು ದಾಟಿದ ಗಂಡಸು ಹೂಂ ಅಂದರೆ ಮನೆಯವರು ಅದನ್ನು ನೆಮ್ಮದಿ ಎಂದು ತಿಳಿಯುತ್ತಾರೆ. ಎಂಟು ಕೊಡು ಎಂದ. ಕಟ್ಟುತ್ತಾ ಬೇಕರಿಯ ಪ್ರೇಮ್ ಕೇಳಿದ, "ಮನೆಯಲ್ಲಿ ಎಂತ ವಿಶೇಷ?" ಜನ ಬರ್ಲಿಕ್ಕೆ ಉಂಟು ಎಂದ ಇಸಿದೋರ್. "ಎಲ್ಲಿಂದ?" ಬಿಜೈಯಿಂದ. "ಬಿಜೈಯಲ್ಲಿ ಯಾರ ಮನೆಯವರು?" ಗೊತ್ತಿಲ್ಲ ಎಂದ ಇಸಿದೋರ್. ಪ್ರೇಮ್ ದಾರ ಸುತ್ತುವುದನ್ನು ನಿಲ್ಲಿಸಿ ಅವನ ಮುಖ ನೋಡಿದ. ಮಗಳನ್ನು ನೋಡಲು ಬರುತ್ತಿರುವವರು ಯಾರ ಮನೆಯವರೆಂದು ಗೊತ್ತಿಲ್ಲದ ತಂದೆ ಈ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಹೇಳಲು ಮನಸ್ಸಿಲ್ಲದವನು ಹೀಗೆ ಹೇಳುತ್ತಾನೆ ಎಂದು ತೀರ್ಮಾನಿಸಿ, ಚಿಲ್ಲರೆಯನ್ನು ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟ. ಇಸಿದೋರ್ ಅದನ್ನು ಒಂದೊಂದಾಗಿ ಹೆಕ್ಕಿಕೊಂಡ. ಅಂಗಿಯ ಕಿಸೆಯಲ್ಲಿ ಫೋನಿತ್ತು. ಅದರಲ್ಲಿ ಹನ್ನೆರಡು ದಿನಗಳಿಂದ ಒಬ್ಬ ಹೆಂಗಸಿನ ನಲವತ್ತೊಂದು ಸೆಕೆಂಡುಗಳ ದನಿ ಕುಳಿತಿತ್ತು, ಮತ್ತು ಅದಕ್ಕೆ ಅವನು ಇನ್ನೂ ಹೂಂ ಕೂಡ ಅಂದಿರಲಿಲ್ಲ.

ಹಿಂದೆ ಅವನು ಹೀಗಿರಲಿಲ್ಲ. ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸು ಹತ್ತಿ ಪಕ್ಕದಲ್ಲಿ ಕುಳಿತ ಯಾರೇ ಆಗಲಿ, ನಂತೂರು ಮುಟ್ಟುವುದರೊಳಗೆ ಅವನ ಸೋದರತ್ತೆಯ ಕಡೆಯಿಂದಲೋ, ಹೆಂಡತಿಯ ಅಕ್ಕನ ಗಂಡ ಭಾನುವಾರ ಪೂಜೆಗೆ ಹೋಗುವ ಇಗರ್ಜಿಯ ಕಡೆಯಿಂದಲೋ ಪರಿಚಯದವರಾಗಿ ಬಿಡುತ್ತಿದ್ದರು. ಯಾರ ಮಗ, ಯಾವ ಊರು, ಮೂಲಮನೆ ಎಲ್ಲಿ: ಈ ಮೂರು ಕೇಳದೆ ಒಬ್ಬ ಮನುಷ್ಯನ ಜೊತೆ ಮಾತು ಮುಂದುವರಿಸುವುದು ಅವನಿಗೆ ಚಪ್ಪಲಿ ಹಾಕಿಕೊಂಡು ಅಡುಗೆ ಮನೆಗೆ ಹೋದಷ್ಟು ಕಸಿವಿಸಿ. ಸುಡಾನಿಗೆ ಹೋದಾಗಲೂ ಈ ಬುದ್ಧಿಯನ್ನು ಪೆಟ್ಟಿಗೆಯಲ್ಲಿಟ್ಟು ಹೋಗಿರಲಿಲ್ಲ. ದೇಶದ ಪಶ್ಚಿಮದ ತುದಿಯ ಒಂದು ಪೇಟೆಯಲ್ಲಿ ಬೋರ್‌ವೆಲ್ ಕೊರೆಯುವ ಕಂಪನಿಯ ಸ್ಟೋರ್‌ಕೀಪರ್ ಆಗಿ ಹನ್ನೊಂದು ವರ್ಷ ಇದ್ದ. ಬಂದ ಮೊದಲ ವಾರದಲ್ಲೇ ಮುರುಕು ಅರಬ್ಬಿಯಲ್ಲಿ ಎಲ್ಲ ಕೆಲಸಗಾರರ ತಂದೆಯ ಹೆಸರು, ಊರು, ಅಣ್ಣತಮ್ಮಂದಿರೆಷ್ಟು ಎಂದು ಕೇಳಿ ಮುಗಿಸಿದ್ದ. ಅಲ್ಲಿನ ಫೋರ್‌ಮನ್‌ಗಳು ಅವರನ್ನು ಏಯ್ ಎಂದು ಕರೆಯುತ್ತಿದ್ದಾಗ ಅವನೊಬ್ಬನೇ ಇಂಥವನ ಮಗ ಇಂಥವನು ಎಂದು ಕರೆಯುತ್ತಿದ್ದದ್ದು. ಡ್ರೈವರ್ ಅಬಕರ್ ಇದಕ್ಕೆ ಎಷ್ಟು ಸೋತಿದ್ದನೆಂದರೆ ಒಂದು ಶುಕ್ರವಾರ ತನ್ನ ಊರು ತಂದೂಸಾಕ್ಕೆ ಕರೆದುಕೊಂಡು ಹೋಗಿ, ಜೋಳದ ಮುದ್ದೆ ಮತ್ತು ಬೆಂಡೆಕಾಯಿಯ ಲೋಳೆ ಸಾರು ಬಡಿಸಿ, ಮುದುಕ ತಂದೆ ಇಸ್ಹಾಕನಿಂದ ಹಿಡಿದು ತೊಟ್ಟಿಲ ಮಗುವಿನ ತನಕ ಎಲ್ಲರನ್ನೂ ಪರಿಚಯ ಮಾಡಿಸಿದ್ದ. ಇಸಿದೋರ್ ಅಷ್ಟೂ ಹೆಸರನ್ನು ಕಂಠಪಾಠ ಮಾಡಿಕೊಂಡು ಬಂದಿದ್ದ. ಪ್ರೀತಿಯಿಂದಲೇ ಮಾಡಿಕೊಂಡದ್ದು, ಅದರಲ್ಲಿ ಸುಳ್ಳಿಲ್ಲ.

ಬೇಕರಿಯ ಹೊರಗೆ ರಿಕ್ಷಾದಲ್ಲಿ ಉಬೈದ್ ಇದ್ದ. ಇಪ್ಪತ್ತು ವರ್ಷದಿಂದ ಕುಲಶೇಖರದ ಸ್ಟ್ಯಾಂಡಿನವನು. "ಕೂತ್ಕೊಳ್ಳಿ ಪೊರ್ಬುಗಳೇ," ಎಂದ, ಕ್ರಿಸ್ತುವರನ್ನು ಕರೆಯುವ ಹಳೆಯ ಮರ್ಯಾದೆಯಲ್ಲಿ. ರಿಕ್ಷಾದ ಹಿಂಬದಿಯಲ್ಲಿ ಮೊದಲು ಅವನ ಮಗಳು ಮುಫೀದಾಳ ಹೆಸರು ದೊಡ್ಡ ಅಕ್ಷರದಲ್ಲಿ ಇತ್ತು. ಈಗ ಅಲ್ಲಿ ಬರೀ ಹಸಿರು ಪೈಂಟ್. ಎಂತಕ್ಕೆ ತೆಗೆಸಿದೆ ಎಂದು ಇಸಿದೋರ್ ಕೇಳಿದ. "ಎಂತಕ್ಕೂ ಇಲ್ಲ. ಕೆಲವರು ಹಿಂದೆ ಓದಿ ಮುಂದಿನ ರಿಕ್ಷಾಕ್ಕೆ ಹೋಗ್ತಾರೆ. ಬಾಡಿಗೆ ಸಿಗಬೇಕಲ್ಲ ಮಾರಾಯ್ರೆ," ಎಂದ ಉಬೈದ್, ಮಳೆ ಬರುವ ಹಾಗೆ ಉಂಟು ಎನ್ನುವ ದನಿಯಲ್ಲಿ. ಇಸಿದೋರನ ಮಡಿಲಲ್ಲಿ ಪಫ್ಸ್ ಬೆಚ್ಚಗಿತ್ತು. ಸುಡಾನ್ ಬಿಟ್ಟು ಹೊರಟ ದಿನವೂ ಮಡಿಲಲ್ಲಿ ಏನೋ ಬೆಚ್ಚಗಿತ್ತು. ರೊಟ್ಟಿ, ಬಟ್ಟೆಯಲ್ಲಿ ಸುತ್ತಿದ್ದು, ಅಬಕರನ ಹೆಂಡತಿ ಕಲ್ತೂಮಾ ಹಿಂದಿನ ದಿನ ಕಟ್ಟಿಕೊಟ್ಟದ್ದು, ಗಾಡಿಯ ಬಿಸಿಲಿಗೆ ಬೆಚ್ಚಗಾದದ್ದು. ರಾಜಧಾನಿಯಲ್ಲಿ ಸೈನ್ಯದ ಇಬ್ಬರು ದೊಡ್ಡವರು ಏಪ್ರಿಲಿನಲ್ಲಿ ಜಗಳ ತೆಗೆದಿದ್ದರು, ಜೂನಿನ ಹೊತ್ತಿಗೆ ಆ ಜಗಳ ಇವರ ಪೇಟೆಗೆ ಬಂದು ಬೇರೆಯೇ ಕೆಲಸ ಹಿಡಿದಿತ್ತು. ಮಸಾಲಿತ್ ಎಂಬ ಜನ ಅಲ್ಲಿ ನೂರಾರು ವರ್ಷಗಳಿಂದ ಜೋಳ ಬೆಳೆದುಕೊಂಡಿದ್ದರು. ಇನ್ನು ಮುಂದೆ ಅವರು ಅಲ್ಲಿ ಇರಕೂಡದು ಎಂದು ಬಂದೂಕು ಇದ್ದವರು ತೀರ್ಮಾನಿಸಿದರು, ಮತ್ತು ಕೇರಿಯಿಂದ ಕೇರಿಗೆ ಅಚ್ಚುಕಟ್ಟಾಗಿ ಹೋದರು. ಏಳು ವಾರ. ಅಬಕರ್ ಮಸಾಲಿತ್. ಗಡಿಯಾಚೆಯ ಚಾಡ್ ದೇಶಕ್ಕೆ ಮೂವತ್ತು ಕಿಲೋಮೀಟರ್ ಅಷ್ಟೆ, ಕುಲಶೇಖರದಿಂದ ಮೂಡುಬಿದಿರೆಗೆ ಹೋದ ಹಾಗೆ.

ಹೆಂಗಸರು ಮಕ್ಕಳು ಹಿಂದಿನ ದಿನವೇ ನಡೆದು ಹೊರಟಿದ್ದರು. ಕಂಪನಿಯ ಬಾವುಟ ಕಟ್ಟಿದ ಪಿಕಪ್ಪಿನಲ್ಲಿ ಇದ್ದದ್ದು ಮೂರೇ ಜನ: ಓಡಿಸುವ ಅಬಕರ್, ಡ್ರಿಲ್ಲರ್ ರೂಪೇಶ್, ಇಸಿದೋರ್. ಹೊರಡುವ ಮೊದಲು ಅಬಕರ್ ಇಬ್ಬರನ್ನೂ ಕೂರಿಸಿ ಹೇಳಿದ್ದ: ಕೇಳಿದರೆ ನಾನು ರಾಜಧಾನಿ ಕಡೆಯವನು, ನನ್ನ ಅಪ್ಪ ದರ್ಜಿ, ನಿಮಗೆ ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ಇಸಿದೋರ್ ಹೂಂ ಅಂದಿದ್ದ. ದಾರಿಯ ಬದಿಯಲ್ಲಿ ಚಪ್ಪಲಿಗಳು ಬಿದ್ದಿದ್ದವು, ಚೊಂಬು, ಒಂದು ಹೊಲಿಗೆ ಮಿಶನ್, ಮರದ ಬುಡದಲ್ಲಿ ಮಲಗಿದ ಜನ. ದಣಿದು ಮಲಗಿದ್ದಾರೆ ಎಂದು ಅವನು ನಾಲ್ಕು ಮರಗಳ ತನಕ ನಂಬಿದ. ಬಂದೂಕಿನವರು ನಾಲ್ಕು ಕಡೆ ತಡೆದರು, ಬಾವುಟ ನೋಡಿ ಬಿಟ್ಟರು. ಐದನೆಯ ಕಡೆ... "ಪೊರ್ಬುಗಳೇ, ಮನೆ ಬಂತು," ಎಂದ ಉಬೈದ್. ರಿಕ್ಷಾ ನಿಂತು ಎಷ್ಟು ಹೊತ್ತಾಗಿತ್ತೋ. ಮೀಟರಿನ ಮೇಲಿನ ಹತ್ತು ರೂಪಾಯಿ ಬೇಡ ಎಂದ. "ಮನೆಯ ಬಾಯಮ್ಮನಿಗೆ ಹೇಳಿ, ಮದುವೆಗೆ ಕರೆಯದಿದ್ದರೆ ಉಬೈದನಿಗೆ ಕೋಪ ಬರ್ತದೆ ಅಂತ."

ಮನೆಯ ಹಾಲಿನಲ್ಲಿ ಬಾಗಿಲಿಗೆ ಎದುರಾಗಿ ಷೋಕೇಸ್ ಇದೆ, ಷೋಕೇಸಿನಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಕೆಳಗೆ ಅವನ ಸನ್ಮಾನದ ಫಲಕ. ಊರಿಗೆ ಬಂದ ಎರಡನೇ ತಿಂಗಳಲ್ಲಿ ಇಗರ್ಜಿಯವರು ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಮಡಿಲಿಗಿಟ್ಟು, ಯುದ್ಧಭೂಮಿಯಿಂದ ಪಾರಾಗಿ ಬಂದ ನಮ್ಮವ ಎಂದು ಓದಿದ್ದರು. ನಮ್ಮ ಕಡೆ ಒಬ್ಬ ಮನುಷ್ಯ ಬದುಕಿಕೊಂಡರೂ ಸನ್ಮಾನ ತಪ್ಪುವುದಿಲ್ಲ. ನಾಲ್ಕು ಮಾತಾಡಿ ಎಂದಾಗ ಅವನು ಆಡಿದ ಮಾತಿನಲ್ಲಿ, ನಮ್ಮ ಡ್ರೈವರ್ ಗಡಿಯ ತನಕ ಬಿಟ್ಟು ಕೈಬೀಸಿ ಹಿಂದೆ ಹೋದ ಎಂಬ ವಾಕ್ಯವಿತ್ತು. ಅದು ಎಲ್ಲಿಂದ ಬಂತೆಂದು ಅವನಿಗೇ ಗೊತ್ತಿಲ್ಲ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಬಿಷಪ್ಪರ ಮನೆಗೂ ಇನ್ನೊಂದು ಕಡೆಗೂ ಕರೆದರು, ಅಲ್ಲಿಯೂ ಡ್ರೈವರ್ ಕೈಬೀಸಿದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಇದೆ. ಇಸಿದೋರ್ ಹೊಳೆ ದಾಟುವ ಮೊದಲೇ ಅಂಬಿಗನನ್ನು ಇಳಿಸಿದವನು. ನಿಜ ಗೊತ್ತಿದ್ದ ಇನ್ನೊಬ್ಬ ರೂಪೇಶ್. ಅವನು ಕತಾರಿನಲ್ಲಿ ಕೆಲಸಕ್ಕೆ ಸೇರಿದ್ದ, ಹಬ್ಬಕ್ಕೆ ಹೂವಿನ ಚಿತ್ರ ಕಳಿಸುತ್ತಿದ್ದ, ಫೋನು ಮಾಡುತ್ತಿರಲಿಲ್ಲ.

"ಎಂಟು ಎಂತಕ್ಕೆ? ಆರು ಹೇಳಿದ್ದಲ್ಲ ನಾನು," ಎಂದಳು ವಿನಿಫ್ರೆಡ್, ಕಟ್ಟು ಬಿಚ್ಚುತ್ತಾ. "ಬಟ್ಟೆ ಬದಲಿಸಿ. ಮತ್ತೆ ಸುಮ್ಮನೆ ಕೂತುಕೊಳ್ಳಬೇಡಿ, ಸ್ವಲ್ಪ ಮಾತಾಡಿ. ಗಂಡಿನ ತಾಯಿ ಮಟಿಲ್ಡಾ ಟೀಚರ್ ಆಗಿದ್ದವರು. ಹುಡುಗಿಯ ತಂದೆಗೆ ಎಂತದೋ ಕಾಯಿಲೆ ಅಂತ ತಿಳ್ಕೊಂಡಾರು." ಮಗಳು ಮೆಲಿಸಾ ಕನ್ನಡಿಯ ಎದುರಿನಿಂದಲೇ, "ಮಮ್ಮಿ, ಪಪ್ಪನನ್ನು ಬಿಡು," ಎಂದಳು. ಇಸಿದೋರ್ ಬಚ್ಚಲಿಗೆ ಹೋಗಿ ಚಿಲಕ ಹಾಕಿ, ನಳ್ಳಿ ಬಿಟ್ಟು, ಫೋನನ್ನು ಕಿವಿಗೆ ಒತ್ತಿಕೊಂಡ. ಇದು ಎಷ್ಟನೆಯ ಸಲವೋ. ಕಂಪನಿಯ ಹಳೆಯ ಗುಂಪಿನ ಯಾರೋ ಅವನ ನಂಬರ್ ಕೊಟ್ಟಿದ್ದರಂತೆ. ನಾನು ಕಲ್ತೂಮಾ, ಅಬಕರನ ಹೆಂಡತಿ, ಎನ್ನುತ್ತದೆ ದನಿ. ಅವನು ಜೈಲಿನಲ್ಲಿದ್ದಾನೆ ಎಂದು ಒಬ್ಬರು ಹೇಳುತ್ತಾರೆ, ಚಿನ್ನದ ಗಣಿಯಲ್ಲಿ ದುಡಿಸುತ್ತಿದ್ದಾರೆ ಎಂದು ಇನ್ನೊಬ್ಬರು. ಗಡಿಯ ಈ ಡೇರೆಗಳಲ್ಲಿ ನೀರಿಲ್ಲ, ಎಲ್ಲರನ್ನೂ ಒಳನಾಡಿನ ಶಿಬಿರಕ್ಕೆ ಸಾಗಿಸುತ್ತಿದ್ದಾರೆ. ನಾನು ಹೋಗಿಲ್ಲ. ಬಂದರೆ ಈ ದಾರಿಯಲ್ಲೇ ಅಲ್ಲವೇ ಅವನು ಬರಬೇಕು. ಕೊನೆಯ ಲಾರಿ ಈ ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ. ನೀನು ಅವನ ಜೊತೆ ಗಾಡಿಯಲ್ಲಿದ್ದೆ. ಕಾಯಬೇಕೋ ಬೇಡವೋ, ಅಷ್ಟು ಹೇಳು. ಇವತ್ತು ಭಾನುವಾರ, ನಾಳೆ ಆ ಸೋಮವಾರ. ಒಂದು ಶಬ್ದ ಸಾಕಾಗಿತ್ತು, ಅವಳು ಅದಕ್ಕಿಂತ ಹೆಚ್ಚು ಕೇಳಿರಲಿಲ್ಲ. ಆದರೆ ಬೇಡ ಎಂದರೆ ಹೇಗೆ ಗೊತ್ತು ಎಂದು ಕೇಳುತ್ತಾಳೆ, ಹೇಗೆ ಗೊತ್ತೆಂದು ಹೇಳಿದರೆ ಹೇಗಾಯಿತು ಎಂದು ಕೇಳುತ್ತಾಳೆ. ಹೊರಗಿನಿಂದ ವಿನಿಫ್ರೆಡ್, ಟ್ಯಾಂಕಿ ಖಾಲಿಯಾಗ್ತದೆ ಎಂದು ಬಾಗಿಲು ಬಡಿದಳು. ಅವನು ನಳ್ಳಿ ನಿಲ್ಲಿಸಿದ, ಮುಖ ತೊಳೆದಿರಲಿಲ್ಲ.

ನಾಲ್ಕು ಗಂಟೆಗೆ ಸರಿಯಾಗಿ ಮಟಿಲ್ಡಾ ಮತ್ತು ಮಗ ರಾಯ್‌ಸ್ಟನ್ ಬಂದರು. ರಾಯ್‌ಸ್ಟನ್ ಒಳ್ಳೆಯ ಹುಡುಗನ ಹಾಗೆ ಕಂಡ, ಪಫ್ಸಿನ ಚೂರು ಪ್ಯಾಂಟಿನ ಮೇಲೆ ಬಿದ್ದದ್ದನ್ನು ಯಾರೂ ನೋಡದಂತೆ ಹೆಕ್ಕಿ ತಿಂದ. ಮಟಿಲ್ಡಾ ಕುರ್ಚಿಯ ಬೆನ್ನಿಗೆ ಒರಗದೆ ಕುಳಿತಿದ್ದಳು. "ನಿಮ್ಮದು ಕುಲಶೇಖರವೇ ಮೂಲವಾ, ಅಲ್ಲ ಬೇರೆ ಕಡೆಯಿಂದ ಬಂದದ್ದಾ?" ಎಂದು ಇಸಿದೋರನನ್ನು ಕೇಳಿದಳು. ತಪ್ಪೇನೂ ಇಲ್ಲದ ಪ್ರಶ್ನೆ, ಸಂಬಂಧ ಬೆಳೆಸಲು ಬಂದವರು ಕೇಳದೆ ಇರುವುದೇ ಅಪಮಾನ. ಇಸಿದೋರ್ ಪಫ್ಸಿನ ತಟ್ಟೆಯನ್ನು ಅವಳ ಕಡೆ ಸರಿಸಿದ. ವಿನಿಫ್ರೆಡ್ ನಗುತ್ತಾ ಅವನ ಪರವಾಗಿ ತಂದೆ ಲಾರೆನ್ಸ್, ತಾಯಿಯ ತವರು, ಮೂಲಮನೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಅವನು ಪಾಠ ಬಾರದ ಹುಡುಗನ ಹಾಗೆ ಮೊಣಕಾಲು ನೋಡುತ್ತಾ ಕುಳಿತ. "ಸುಡಾನಿನ ವಿಷಯ ಹೇಳಿ ನೋಡುವಾ," ಎಂದಳು ವಿನಿಫ್ರೆಡ್, ಅವನಿಗೆ ಬರುವ ಒಂದೇ ಪಾಠ ಅದು ಎಂದು ಅವಳಿಗೆ ಗೊತ್ತಿತ್ತು.

ಅವನು ಹೇಳಿದ. ಏಳು ವಾರ, ಗುಂಡಿನ ಸದ್ದು, ನೀರಿಲ್ಲದ್ದು, ಬಾವುಟ ಕಟ್ಟಿದ್ದು, ಎಲ್ಲವೂ ಸನ್ಮಾನದ ಸಭೆಯಲ್ಲಿ ಬಂದ ಹಾಗೆಯೇ ಸಾಲಾಗಿ ಬಂದವು. ನಮ್ಮ ಡ್ರೈವರ್ ಗಡಿಯ ತನಕ, ಎನ್ನುವಷ್ಟರಲ್ಲಿ ಮಟಿಲ್ಡಾ ಚಹಾದ ಕಪ್ಪು ಕೆಳಗಿಟ್ಟು, "ಪಾಪ, ಎಷ್ಟು ಒಳ್ಳೆಯವ. ಅವನ ಹೆಸರೆಂತ? ಎಲ್ಲಿಯವ?" ಎಂದಳು.

ಎರಡು ವರ್ಷಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಬಿಷಪ್ಪರ ಮನೆಯಲ್ಲೂ ಡ್ರೈವರ್ ಡ್ರೈವರನೇ ಆಗಿದ್ದ. ಇಸಿದೋರ್ ಮಟಿಲ್ಡಾಳನ್ನು ನೋಡಿದ. ಅವಳ ಮುಖದಲ್ಲಿ ನಿಜವಾದ ಕುತೂಹಲ ಇತ್ತು, ಐದನೆಯ ಕಡೆ ಗಾಡಿ ತಡೆಸಿದ ಆ ಮನುಷ್ಯನ ಮುಖದಲ್ಲಿ ಇದ್ದಂಥದೇ. ಅವನು ಮುಳ್ಳುಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ, ಅರವತ್ತರ ಹತ್ತಿರ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ, ನಮ್ಮ ಇಗರ್ಜಿ ವಾರ್ಡಿನ ಮುಖಂಡ ಗುರಿಕಾರ ವಂತಿಗೆ ಕೇಳಲು ಬಂದು ಕುಳಿತ ಹಾಗೆ. ಬಂದೂಕಿನವರೆಲ್ಲ ಅವನ ಹಿಂದೆ ನಿಂತಿದ್ದರು. ಇಸಿದೋರನಿಗೆ ನೀರು ಕೊಡಿಸಿದ. ಇಂಡಿಯಾದಲ್ಲಿ ಯಾವ ಊರು ಎಂದ. ಮಂಗಳೂರು ಎಂದ ಇಸಿದೋರ್. ಸಮುದ್ರ ಇದೆಯೋ ಎಂದ, ಮಕ್ಕಳೆಷ್ಟು ಎಂದ, ಒಬ್ಬಳೇ ಮಗಳು ಎಂದದ್ದಕ್ಕೆ ದೇವರು ಕಾಪಾಡಲಿ ಎಂದ. ಏಳು ವಾರಗಳಲ್ಲಿ ಮೊದಲ ಸಲ ಒಬ್ಬ ಮನುಷ್ಯ ಮನುಷ್ಯನ ಹಾಗೆ ಮಾತಾಡಿದ್ದ, ಇಸಿದೋರನ ಮೈ ಸಡಿಲವಾಯಿತು, ಬಸ್ಸಿನಲ್ಲಿ ಕುಳಿತಂತಾಯಿತು. ಆಗ ಆ ಮನುಷ್ಯ ಅಷ್ಟೇ ಮೆಲ್ಲಗೆ, ನಿನ್ನ ಡ್ರೈವರನ ಪರಿಚಯ ಚೆನ್ನಾಗಿ ಇದೆಯೋ ಎಂದ. ಗಾಡಿಯ ಹತ್ತಿರ ನಿಂತಿದ್ದ ಅಬಕರ್ ಈ ಕಡೆ ನೋಡಿದ.

"ಅವನ ಹೆಸರು ಅಬಕರ್," ಎಂದ ಇಸಿದೋರ್ ಹಾಲಿನಲ್ಲಿ. "ಇಸ್ಹಾಕನ ಮಗ. ತಂದೂಸಾದವ. ಒಳ್ಳೆಯ ಮನೆತನ." ಮಟಿಲ್ಡಾ ತಲೆಯಾಡಿಸಿದಳು. "ನಾನು ಅವತ್ತು ಸಹ ಇಷ್ಟೇ ಹೇಳಿದ್ದು," ಎಂದ. "ಅವ ಗಡಿಯ ತನಕ ಬರ್ಲಿಲ್ಲ. ದಾರಿಯಲ್ಲಿ ಒಬ್ಬರು ನನ್ನ ಹತ್ರ ಅವನ ಪರಿಚಯ ಉಂಟಾ ಅಂತ ಚಂದದಲ್ಲಿ ಕೇಳಿದ್ರು. ಹೇಳಬಾರ್ದು ಅಂತ ಅವ ಬೆಳಿಗ್ಗೆಯೇ ಹೇಳಿದ್ದ. ನಾನು ಹೇಳಿದೆ. ತಂದೂಸಾ ಅಂದ್ರೆ ಯಾವ ಜಾತಿಯವ ಅಂತ ಅಲ್ಲಿ ಎಲ್ಲರಿಗೂ ಗೊತ್ತಾಗ್ತದೆ."

"ನೋಡಿ, ಚಹಾ ತಣಿತದೆ," ಎಂದಳು ವಿನಿಫ್ರೆಡ್. ಅವಳ ಕೈ ತಟ್ಟೆಯ ಮೇಲೆಯೇ ಉಳಿದಿತ್ತು.

ಮುಂದಿನದನ್ನು ಅವನು ಪಫ್ಸಿನ ತಟ್ಟೆಯನ್ನು ನೋಡುತ್ತಾ ಹೇಳಿದ. ಕಂಪನಿಯಲ್ಲಿ ಒಂದು ಕ್ರಮ ಇತ್ತು, ಡ್ರೈವರ್ ಗಾಡಿ ಬಿಟ್ಟು ಇಳಿದರೆ ಕೀಯನ್ನು ಸ್ಟೋರ್‌ಕೀಪರನ ಕೈಗೇ ಕೊಡಬೇಕು, ಬೇರೆ ಯಾರ ಕೈಗೂ ಅಲ್ಲ. ಆ ಕ್ರಮ ಮಾಡಿದವನೇ ಇಸಿದೋರ್. ಇಬ್ಬರು ಬಂದು ಅಬಕರನ ತೋಳು ಹಿಡಿದಾಗ ಅವನು ಒಂದು ನಿಮಿಷ ಎಂದು ಕೇಳಿಕೊಂಡು, ಗಾಡಿಯಿಂದ ಕೀ ತೆಗೆದು, ನಡೆದು ಬಂದು ಇಸಿದೋರನ ಅಂಗೈಯಲ್ಲಿಟ್ಟ. ಇಸಿದೋರ್ ಅಭ್ಯಾಸ ಬಲದಿಂದ ಶುಕ್ರಾನ್ ಎಂದ, ಅಂದರೆ ಥ್ಯಾಂಕ್ಸ್. ಕೀಯನ್ನು ರೂಪೇಶನಿಗೆ ಕೊಟ್ಟ, ರೂಪೇಶ್ ಗಾಡಿ ಓಡಿಸಿದ. ಒಣಗಿದ ತೊರೆಯ ಅಂಚಿನಲ್ಲಿ ಹನ್ನೊಂದು ಜನರನ್ನು ನಿಲ್ಲಿಸಿದ್ದರು, ಕೊನೆಯವನು ಕಂಪನಿಯ ಟೊಪ್ಪಿ ಹಾಕಿದ್ದ. ಹಿಂದಿನ ಗಾಜಿನಲ್ಲಿ ಇಸಿದೋರ್ ಎಲ್ಲವನ್ನೂ ನೋಡಿದ. ಟೊಪ್ಪಿ ಮೊದಲು ಬಿತ್ತು.

ರಾಯ್‌ಸ್ಟನ್ ತನ್ನ ಷೂ ನೋಡುತ್ತಿದ್ದ. ಮಟಿಲ್ಡಾ ಕರವಸ್ತ್ರ ತೆಗೆದಳು, ಒರೆಸಿಕೊಳ್ಳಲು ಏನೂ ಸಿಗದೆ ಮಡಚಿ ಒಳಗಿಟ್ಟಳು. "ನಿಮಗೆ ಗೊತ್ತಿಲ್ಲದೆ ಬಾಯಿಗೆ ಬಂದದ್ದಲ್ಲವಾ," ಎಂದಳು ಕೊನೆಗೆ, ಟೀಚರಿನ ದನಿಯಲ್ಲಿ, ತಪ್ಪು ಬರೆದ ಮಗುವಿಗೆ ಅರ್ಧ ಅಂಕ ಕೊಡುವ ಹಾಗೆ. ಇಸಿದೋರ್ ಇದನ್ನು ಎಷ್ಟೋ ಸಲ ತನಗೆ ತಾನೇ ಕೊಟ್ಟುಕೊಂಡು ನೋಡಿದ್ದ. ಅಬಕರ್ ಒಳ್ಳೆಯವನೆಂದು ಶಿಫಾರಸು ಮಾಡಲು ಹೇಳಿದೆನೇ, ಅಲ್ಲಿನ ಜನರ ಬಗ್ಗೆ ನನಗೆಷ್ಟು ಗೊತ್ತಿದೆ ಎಂದು ತೋರಿಸಿಕೊಳ್ಳಲು ಹೇಳಿದೆನೇ, ಅಥವಾ ಆ ಮನುಷ್ಯ ನನ್ನ ಮೇಲೆ ಇಟ್ಟ ದಯೆಯನ್ನು ಕಳೆದುಕೊಳ್ಳಬಾರದೆಂದು ಸರಿಯುತ್ತರ ಕೊಟ್ಟೆನೇ. ಮೂರೂ ನಿಜವೆಂದು ತೋರುತ್ತಿತ್ತು. ಮೂರನೆಯದು ರಾತ್ರಿಗಿಂತ ಹಗಲಿನಲ್ಲೇ ಹೆಚ್ಚು ನಿಜವೆಂದು ತೋರುತ್ತಿತ್ತು. "ಗೊತ್ತಿತ್ತು," ಎಂದ. "ಅವನ ಹೆಂಡತಿಗೆ ಇನ್ನೂ ಹೇಳ್ಲಿಲ್ಲ. ಈಗ ಹೇಳಿ ಬರ್ತೇನೆ," ಎಂದು, ಆಫೀಸಿನಲ್ಲಿ ಅನುಮತಿ ಕೇಳುವವನಂತೆ ಎದ್ದು ನಿಂತ. ಮೆಲಿಸಾ ಅವನ ಕನ್ನಡಕವನ್ನು ಟೀಪಾಯಿಯಿಂದ ಎತ್ತಿ ಕೊಟ್ಟಳು.

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತ. ಬಿಸಿಲು ಇನ್ನೂ ಇತ್ತು, ತಂತಿಯ ಮೇಲೆ ವಿನಿಫ್ರೆಡಳ ನೈಟಿ ಒಣಗುತ್ತಿತ್ತು. ಮೈಕಿನ ಗುರುತನ್ನು ಒತ್ತಿ ಹಿಡಿದು ಅರಬ್ಬಿಯಲ್ಲಿ ಶುರು ಮಾಡಿದ. ಮೊದಲು ತನ್ನನ್ನು ಹೇಳಿಕೊಂಡ: ನಾನು ಇಸಿದೋರ್, ಲಾರೆನ್ಸನ ಮಗ, ಮಂಗಳೂರಿನ ಕುಲಶೇಖರದವನು. ಯಾರಾದರೂ ಹುಡುಕಿಕೊಂಡು ಬಂದರೆ ಸಿಗುವಂತೆ ಇಗರ್ಜಿಯ ಹೆಸರನ್ನೂ ಹೇಳಿದ. ಕಾಯಬೇಡ ಎಂದ. ವಾರ ಹೇಳಿದ, ಹೊತ್ತು ಹೇಳಿದ, ತೊರೆ ಹೇಳಿದ, ಟೊಪ್ಪಿ ಹೇಳಿದ. ಯಾರು ಕೇಳಿದರು, ಯಾರು ಹೇಳಿದರು ಎಂಬುದನ್ನೂ ಹೇಳಿದ, ಕ್ಷಮಿಸು ಎಂಬ ಶಬ್ದ ಬಾಯಿಗೆ ಬಂದಾಗ ಅದನ್ನು ಕೇಳುವುದು ಅವಳಿಗೆ ಇನ್ನೊಂದು ಕೆಲಸ ಹಚ್ಚಿದಂತೆ ಎನಿಸಿ ಬಿಟ್ಟ. ಕೀಯ ವಿಷಯವನ್ನು ಕೊನೆಗೆ ಹೇಳಿ ಮುಗಿಸಿದ. ಕಳಿಸಿದ ಸಂದೇಶದ ಕೆಳಗೆ ಎರಡು ಟಿಕ್ ಗೆರೆ ಬಿದ್ದವು, ನೀಲಿಯಾದವು. ಕಾಗೆಯೊಂದು ಕಲ್ಲಿನ ಹತ್ತಿರ ಬಂದು ಅವನ ಕೈಯಲ್ಲಿ ತಿನ್ನುವುದೇನೂ ಇಲ್ಲವೆಂದು ನೋಡಿ ಹೋಯಿತು.

ಹದಿನೈದು ನಿಮಿಷವಾದ ಮೇಲೆ ಉತ್ತರ ಬಂತು. ಅವಳು ಅತ್ತಿದ್ದಳೋ ಇಲ್ಲವೋ ದನಿಯಿಂದ ತಿಳಿಯುವಂತಿರಲಿಲ್ಲ. ಹಿಂದೆ ಗಾಳಿಗೆ ಡೇರೆಯ ತಾಡಪಾಲು ಬಡಿಯುತ್ತಿತ್ತು. ಪೂರ್ತಿ ಕೇಳಿದೆ, ಎಂದಳು. ನಾಳೆ ಲಾರಿ ಹತ್ತುತ್ತೇನೆ. ಸತ್ತವರನ್ನು ಬರೆದುಕೊಳ್ಳುವವರು ಇಲ್ಲಿ ಬಂದಿದ್ದಾರೆ. ಯಾರು, ಯಾರ ಮಗ, ಯಾವ ಊರು, ಕಣ್ಣಾರೆ ಕಂಡವರ ಬಾಯಿಂದಲೇ ಬೇಕಂತೆ. ತಂದೂಸಾ ಸುಟ್ಟುಹೋಗಿದೆ, ಆ ಹೆಸರು ಹೇಳಲು ಅಲ್ಲಿ ಯಾರೂ ಉಳಿದಿಲ್ಲ. ಆ ಮನುಷ್ಯನಿಗೆ ಹೇಗೆ ಹೇಳಿದೆಯೋ ಹಾಗೆಯೇ ಹೇಳಿ ಕಳಿಸು. ಸ್ಪಷ್ಟವಾಗಿ ಹೇಳು.

ಅವನು ಒತ್ತಿ ಹಿಡಿದ. ನಾಲ್ಕು ಸೆಕೆಂಡು ಕಾಗೆಯ ದನಿ ಮಾತ್ರ ಹೋಯಿತು, ಅಳಿಸಿದ. ಅಡುಗೆ ಮನೆಯ ಕಿಟಕಿಯಿಂದ ಮಟಿಲ್ಡಾ ವಿನಿಫ್ರೆಡಳ ಹತ್ತಿರ, ನಿಮ್ಮ ತವರಿನವರು ಯಾವ ಇಗರ್ಜಿಗೆ ಎಂದು ಮೆಲ್ಲಗೆ ಕೇಳುತ್ತಿದ್ದದ್ದು ಕೇಳಿಸಿತು. ಇಸಿದೋರ್ ಗಂಟಲು ಸರಿಮಾಡಿಕೊಂಡು, ಫೋನನ್ನು ಬಾಯಿಯ ಹತ್ತಿರ ತಂದು, ಮತ್ತೊಮ್ಮೆ ಒತ್ತಿ ಹಿಡಿದ.

"ಅಬಕರ್," ಎಂದ. "ಇಸ್ಹಾಕನ ಮಗ. ತಂದೂಸಾದವ. ಒಳ್ಳೆಯ ಮನೆತನ."